ನಾನು ನೋಡದ ಕಲ್ಲು

ಫತೇಗಂಜ್, ವಡೋದರ
17 ಆಗಸ್ಟ್ 2025, ಭಾನುವಾರ

ಪ್ರೀತಿಯ ರಮಾ,

ಗಿರಿಜಕ್ಕನ ಆಪರೇಷನ್ ಆದ ಕಣ್ಣಿನ ಪಟ್ಟಿ ಬಿಚ್ಚಿದರೇ? ಧಾರವಾಡದ ಥಂಡಿಗೆ ನಿನ್ನ ಕೆಮ್ಮು ಮತ್ತೆ ಶುರುವಾಗಿರುತ್ತದೆ, ಕಷಾಯ ಬಿಡಬೇಡ. ನಾನು ಆರಾಮ ಇದ್ದೇನೆ. ಅನ್ನ ಒಂದು ದಿನ ಮುದ್ದೆ, ಒಂದು ದಿನ ಅಕ್ಕಿ. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ನೀನು ನಡುವೆ ಒಂದು ಪ್ರಶ್ನೆ ಕೇಳಿದರೂ ನಾನು ಮಾತು ಮರೆಸಿಬಿಡುತ್ತೇನೆ, ಅದಕ್ಕೇ ಈ ಕಾಗದ.

ನಾನು ದಿನಾ ಕಂಪ್ಯೂಟರ್ ಮುಂದೆ ಕೂತು ಬರೆಯುವ ಆ ತೈಲದ ಗುಂಪು ನಿನಗೆ ಗೊತ್ತಲ್ಲ. ನಿವೃತ್ತರು, ವಿದ್ಯಾರ್ಥಿಗಳು, ಷೇರಿನವರು ಎಲ್ಲ ಸೇರಿ ವಾದಿಸುವ ಜಾಗ. “ಕಲ್ಲಿನ ಜೋಡಿ ಮಾತಾಡೋದು ಮುಗೀತು, ಈಗ ಪರದೆ ಜೋಡಿ ಏನ್ರಿ?” ಎಂದು ನೀನು ಕೇಳುತ್ತಿದ್ದೆ. ಆರು ತಿಂಗಳಿಂದ ಅಲ್ಲಿ ಒಂದೇ ಚರ್ಚೆ: ಖಂಬಾತ್ ಕಡೆಯ ಹಳೇ ಎಣ್ಣೆ ಬಾವಿಗಳ ತಳದಲ್ಲಿರುವ ಗಟ್ಟಿ ಕಲ್ಲಿನ ಪದರದಲ್ಲಿ ಎಣ್ಣೆ ಇದೆಯೋ ಇಲ್ಲವೋ. ಈಗಿನ ವಿಧಾನದಲ್ಲಿ ತೆಗೆಯಬಹುದು ಎಂದು ಹುಡುಗರ ಉತ್ಸಾಹ. ನಾನು ಬರೆದೆ, ಅದು ಸತ್ತ ಕಲ್ಲು, ಒಂದು ಹನಿ ಎಣ್ಣೆ ಇಲ್ಲ, ಅಲ್ಲಿನ ಬಾವಿಗೆ ಭೂವಿಜ್ಞಾನಿಯಾಗಿದ್ದವನು ನಾನೇ, ಕಣ್ಣಾರೆ ನೋಡಿದ್ದೇನೆ ಎಂದು. ಹಯವದನ್ ಸರ್ ಹೇಳಿದ ಮೇಲೆ ಮುಗಿಯಿತು ಎಂದರು ಎಲ್ಲರೂ. ಸೂರತ್ತಿನ ದಿವ್ಯಾ ಪಟೇಲ್ ಎಂಬ ಹುಡುಗಿ ಆ ಪದರದ ಮೇಲೇ ಪಿಎಚ್.ಡಿ. ಮಾಡುತ್ತಿದ್ದಳು. ನನ್ನ ಮಾತು ಓದಿ ಅವಳ ಗೈಡ್ ವಿಷಯ ಬದಲಿಸು ಎಂದರಂತೆ.

ಅವಳು ಜಗಳವಾಡಲಿಲ್ಲ. ಬಾವಿಯಿಂದ ತೆಗೆದ ಕಲ್ಲನ್ನು ನೇರಳಾತೀತ ದೀಪದ ಕೆಳಗೆ ಹಿಡಿದಾಗ ಯಾವ ಬಣ್ಣ ಕಂಡಿತ್ತು ಸರ್ ಎಂದು ಮಾತ್ರ ಕೇಳಿದಳು. ಎಣ್ಣೆಯ ಅಂಶವಿದ್ದರೆ ಆ ಬೆಳಕಿನಲ್ಲಿ ಕಲ್ಲು ಹೊಳೆಯುತ್ತದೆ. ಆ ಕಲ್ಲು ಮೇಲೆ ಬಂದ ದಿನ ನಾನೆಲ್ಲಿದ್ದೆ ಎಂಬುದು ನಿನಗೆ ಗೊತ್ತು. ಅಂದು ನಮ್ಮ ಮೇದಿನಿ ಹುಟ್ಟಿದಳು. ನಾನು ಹೆರಿಗೆ ಕೋಣೆಯ ಹೊರಗೆ ಬೆಂಚಿನ ಮೇಲಿದ್ದೆ. ಕಲ್ಲನ್ನು ಪರೀಕ್ಷಿಸಿದವನು ನನ್ನ ಕೈಕೆಳಗಿದ್ದ ರಘುರಾಮ. ನಾನು ಮೂರನೇ ದಿನ ಹೋಗಿ, ಎಣ್ಣೆ ಇಲ್ಲ ಎಂಬ ವರದಿಗೆ ರುಜು ಹಾಕಿದೆ. ಮೂವತ್ತು ವರ್ಷ ‘ನೋಡಿದ್ದೇನೆ’ ಎಂದು ಹೇಳಿ ಹೇಳಿ ನಾನೇ ನಂಬಿದ್ದೆ.

ಎರಡು ದಿನ ಒದ್ದಾಡಿ, ನಾನು ಆ ಕಲ್ಲನ್ನು ನೋಡಿಲ್ಲ ಎಂದು ಗುಂಪಿನಲ್ಲಿ ಬರೆದೆ. ಅಂಕಲ್ ಇನ್ನು ವಿಶ್ರಾಂತಿ ತಗೊಳ್ಳಿ ಎಂದ ಒಬ್ಬ. ದಿವ್ಯಾ ಮಾತ್ರ, ಕಲ್ಲಿನ ಪೆಟ್ಟಿಗೆಗಳು ಅಹಮದಾಬಾದಿನ ಉಗ್ರಾಣದಲ್ಲಿ ಹಾಗೇ ಇವೆ, ಅನುಮತಿ ಸಿಕ್ಕಿದೆ, ಬರುತ್ತೀರಾ ಎಂದು ಕೇಳಿದಳು. ಗುರುವಾರ ಅವಳು ಸೂರತ್ತಿನಿಂದ ಬಂದ ಗಾಡಿಗೇ ನಾನು ಇಲ್ಲಿ ಹತ್ತಿದೆ. ಅವಳಮ್ಮ ಕಟ್ಟಿಕೊಟ್ಟ ಮೆಂತ್ಯದ ರೊಟ್ಟಿ, ಥೇಪ್ಲಾ, ತಿನ್ನುತ್ತ ಹೋದೆವು. ಉಗ್ರಾಣದಲ್ಲಿ ಕಲ್ಲನ್ನು ಹೊಸದಾಗಿ ಒಡೆದು, ಎಣ್ಣೆ ಕರಗಿಸುವ ದ್ರಾವಕದ ಹನಿ ಬಿಟ್ಟು ದೀಪ ಹಿಡಿದಾಗ, ಹನಿಯ ಸುತ್ತ ತೆಳು ಹಳದಿ ಎಳೆಗಳು ಬಿಚ್ಚಿಕೊಂಡವು. ಅವಳು ಪಕ್ಕಕ್ಕೆ ಸರಿದು ನನಗೆ ಜಾಗ ಕೊಟ್ಟಳು. “ವಿಷಯ ಬದಲಿಸಬೇಡ ಬೇಟಾ, ನಿನ್ನ ಗೈಡಿಗೆ ನಾನೇ ಬರೆಯುತ್ತೇನೆ,” ಎಂದೆ. ಅಂದೇ ಬರೆದೆ, ಅವರೂ ಒಪ್ಪಿದರು. ಅಷ್ಟೇ ಹೊಳಪು ಕಂಡು ಎಣ್ಣೆ ಹರಿದು ಬರುತ್ತದೆಂದು ಯಾರೂ ಹೇಳಲಾರರು. ಆದರೆ ಅದು ಸತ್ತ ಕಲ್ಲಲ್ಲ. ಈಗ ನಿಜವಾಗಿ ನೋಡಿ ಹೇಳುತ್ತಿದ್ದೇನೆ, ಇನ್ನು ಯಾರು ಬೇಕಾದರೂ ಪ್ರಶ್ನೆ ಕೇಳಲಿ.

ಗಿರಿಜಕ್ಕನಿಗೆ ನಮಸ್ಕಾರ ತಿಳಿಸು. ಅವರ ಕಣ್ಣು ಬೇಗ ತಿಳಿಯಾಗಲಿ.

ನಿನ್ನ
ಹಯವದನ

ತಾ.ಕ.: ಇದು ನಿನಗೂ ಹೇಳಿರಲಿಲ್ಲ. ಅಂದು ರಘುರಾಮ ಆಸ್ಪತ್ರೆಗೇ ಫೋನ್ ಮಾಡಿ, “ಸ್ವಲ್ಪ ಹೊಳೀತಾ ಉಂಟು ಸರ್, ನೀವೊಮ್ಮೆ ನೋಡಿ,” ಎಂದಿದ್ದ. ಕೊರೆಯುವ ಯಂತ್ರದ ಗ್ರೀಸ್ ಮೆತ್ತಿರಬೇಕು ಎಂದು ಗದರಿಸಿ, ಆಮೇಲೆ ಅವನ ಟಿಪ್ಪಣಿಯನ್ನು ನಾನೇ ಹೊಡೆದುಹಾಕಿದೆ. ನಿನ್ನೆ ಫೋನ್ ಮಾಡಿ ತಪ್ಪೊಪ್ಪಿಕೊಂಡೆ. “ನಾನು ಮರೀಲಿಲ್ಲ ಸರ್,” ಎಂದ. ಮೊದಲು ಕಂಡವನು ಅವನೇ ಎಂದು ಗುಂಪಿನಲ್ಲೂ ಹೆಸರು ಹಾಕಿ ಬರೆದಿದ್ದೇನೆ. ಸೆಪ್ಟೆಂಬರ್ ಏಳಕ್ಕೆ ಹೆಂಡತಿಯನ್ನು ಕರೆದುಕೊಂಡು ನಮ್ಮಲ್ಲಿಗೆ ಊಟಕ್ಕೆ ಬರುತ್ತಾನೆ. ಅಷ್ಟರೊಳಗೆ ಬಂದುಬಿಡು ರಮಾ. ಅವನ ಎದುರು ಇದನ್ನೆಲ್ಲ ಇನ್ನೊಮ್ಮೆ ಹೇಳುವಾಗ ನೀನೂ ಕೂತು ಕೇಳಬೇಕು.