ವಾಗ್ಮಿಯ ಮನೆಯಿಂದ

ಗಾಜಿನ ಕಾರ್ಖಾನೆ ಕ್ವಾರ್ಟರ್ಸ್,
ಸೋಮವಾರ, ಸಂಜೆ

ಪುಟ್ಟಿಯ ಅಪ್ಪನಿಗೆ ನಮಸ್ಕಾರ,

ಹೇಗಿದ್ದೀರಿ? ಬೆನ್ನುನೋವು ಹೆಚ್ಚಾಗಿಲ್ಲ ತಾನೇ? ಜೈಲಿನ ನೆಲ ನಿಮಗೆ ಆಗುವುದಿಲ್ಲ, ಇನ್ನೊಂದು ಕಂಬಳಿ ಕೇಳಿ. ಊರವರ ಪರವಾಗಿ ಎಲ್ಲ ಕೇಳುವವರಿಗೆ ತಮಗೊಂದು ಕಂಬಳಿ ಕೇಳಲು ಬಾಯೇ ಬರುವುದಿಲ್ಲ, ನನಗೆ ಗೊತ್ತಿಲ್ಲವೇ! ನಾವಿಬ್ಬರೂ ಚೆನ್ನಾಗಿದ್ದೇವೆ. ಉಣ್ಣುತ್ತೇವೆ, ಮಲಗುತ್ತೇವೆ.

ಪುಟ್ಟಿಯ ಶಾಲೆಯಲ್ಲಿ ‘ವಾಗ್ಮಿ’ ಪದ ಕೊಟ್ಟು ಸ್ವಂತ ವಾಕ್ಯ ಬರೆಯಲು ಹೇಳಿದ್ದರು. ‘ನನ್ನ ಅಪ್ಪ ದೊಡ್ಡ ವಾಗ್ಮಿ’ ಎಂದು ಬರೆದಿದ್ದಾಳೆ. ಸಭೆಯಲ್ಲಿ ತೂಕವಾಗಿ, ಮನಮುಟ್ಟುವಂತೆ ಮಾತನಾಡಬಲ್ಲವನು ವಾಗ್ಮಿ, ಬಾಯಿಗೆ ಬಂದದ್ದು ಹರಟುವವನು ವಾಚಾಳಿ, ಎರಡನ್ನೂ ಕಲಸಬೇಡಿ ಎಂದು ಟೀಚರ್ ಹೇಳಿದರಂತೆ. ಮ್ಯಾನೇಜರ್ ನಿಮ್ಮನ್ನು ವಾಚಾಳಿ ಅನ್ನುತ್ತಿದ್ದದ್ದು ಇವಳ ಕಿವಿಗೂ ಬಿದ್ದಿದೆ. “ಅಮ್ಮಾ, ಹಾಗಾದ್ರೆ ಅಪ್ಪ ಯಾವ್ದು?” ಅಂದಳು. ವಾಗ್ಮಿನೇ ಕಣೇ ಅಂದೆ. ಸುಳ್ಳೇನಲ್ಲ. ನಿಮ್ಮ ಮಾತಿಗೆ ಮರುಳಾಗಿಯೇ ತಾನೇ ನಾನೂ ತಾಳಿಗೆ ಕುತ್ತಿಗೆ ಒಡ್ಡಿದ್ದು.

ಇನ್ನು ಸುದ್ದಿ. ಕುಲುಮೆ ಆರಿಹೋಯಿತು. ಪೊಲೀಸರು ಹಿಡಿಯುವ ಮುಂಚೆ ಗೇಟಿನ ಮುಂದೆ ನಿಂತು ಹೇಳಿದಿರಲ್ಲ, “ಅವರ ಹೊಟ್ಟೆ ಉರೀಬೇಕಾದ್ರೆ ಅವರ ಕುಲುಮೆ ತಣ್ಣಗಾಗ್ಬೇಕು!” ಅಂತ. ನಾನೂ ಚಪ್ಪಾಳೆ ತಟ್ಟಿದೆ. ನೀವು ಪ್ಯಾಕಿಂಗ್ ವಿಭಾಗದವರು, ಕುಲುಮೆ ಆರಿದರೆ ಏನಾಗುತ್ತದೆಂದು ನಿಮಗೇನು ಗೊತ್ತು, ಮಾತಿನ ಭರದಲ್ಲಿ ಬಂತೇನೋ. ಕುಲುಮೆಯವರು ಅದನ್ನು ಅಪ್ಪಣೆ ಅಂದುಕೊಂಡರು. ಕೈಗವಸು ಕೊಡಿ ಎಂದು ಶುರುವಾದ ಮುಷ್ಕರದಲ್ಲೂ ಪಾಳಿ ಹಾಕಿಕೊಂಡು ಬೆಂಕಿ ಆರದಂತೆ ಕಾಯುತ್ತಿದ್ದವರು ಅವತ್ತೇ ಎದ್ದು ಬಂದುಬಿಟ್ಟರು. ಒಳಗಿದ್ದ ಗಾಜು ಹೆಪ್ಪುಗಟ್ಟಿತು, ಕುಲುಮೆಯ ಇಟ್ಟಿಗೆಯೆಲ್ಲ ಬಿರುಕುಬಿಟ್ಟಿತು. ಮತ್ತೆ ಕಟ್ಟಿಸುವುದಿಲ್ಲ ಎಂದು ಮಾಲೀಕರು ಗೇಟಿಗೆ ಬೀಗ ಹಾಕಿಸಿದ್ದಾರೆ. ತಿಂಗಳ ಕೊನೆಗೆ ಎಲ್ಲರೂ ಕ್ವಾರ್ಟರ್ಸ್ ಖಾಲಿ ಮಾಡಬೇಕಂತೆ. ನನಗೆ ಅಳು ಬರಲಿಲ್ಲ, ಈಗಲೂ ಬರುತ್ತಿಲ್ಲ. ಕಾರ್ಖಾನೆಯಲ್ಲಿ ಇಷ್ಟು ದಿನ ಬಾಟಲಿ ತಪಾಸಣೆ ಮಾಡಿದ ಅಭ್ಯಾಸ ನೋಡಿ, ಕುಡಿಯುವ ಲೋಟವನ್ನೂ ಬೆಳಕಿಗೆ ಹಿಡಿದು ನೋಡುತ್ತೇನೆ. ನೀರು ಕುಡಿಯುವುದು ಮರೆತು ಕೆಳಗಿಡುತ್ತೇನೆ.

ನಿಮ್ಮನ್ನು ಯಾರೂ ಬೈಯುತ್ತಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಕುಲುಮೆಯ ಹಿರಿಯಣ್ಣ ನಿನ್ನೆ ಬಂದಿದ್ದರು. ಅವರ ಗಂಡುಮಕ್ಕಳೆಲ್ಲ ಅಲ್ಲೇ ಕೆಲಸಕ್ಕಿದ್ದವರು. “ಏನ್ ಮಾತಮ್ಮಾ ನಿಮ್ಮೋರ್ದು! ಈಗ ನೆನೆಸ್ಕೊಂಡ್ರೂ ಮೈ ಜುಮ್ ಅನ್ನತ್ತೆ” ಅಂದರು. ಚಹಾ ಕೊಟ್ಟೆ. ಕುಡಿದು ಹೋದರು.

ಹೊತ್ತುಹೊತ್ತಿಗೆ ಉಣ್ಣಿ. ಪುಟ್ಟಿ ನಿಮಗೆ ಮುತ್ತು ಕಳಿಸಿದ್ದಾಳೆ, ಎರಡೂ ಕೆನ್ನೆಗೆ.

ಇಂತಿ,
ನಿಮ್ಮವಳು

ಹೇಳುವುದು ಬಿಟ್ಟೇಹೋಯಿತು: ಶುಕ್ರವಾರ ನಿಮ್ಮನ್ನು ಬಿಡುತ್ತಾರಂತೆ. ಬೀಗ ಹಾಕಿದ ಗೇಟಿನ ಮುಂದೆಯೇ ಕೆಲಸಗಾರರೆಲ್ಲ ಸೇರಿ ವೇದಿಕೆ ಕಟ್ಟುತ್ತಿದ್ದಾರೆ, ಮೈಕಿಗೂ ಹೇಳಿಯಾಗಿದೆ. ಮುಂದೇನು ಮಾಡಬೇಕೋ ನೀವೇ ಹೇಳಬೇಕಂತೆ. ರೀ, ಕೈಮುಗಿಯುತ್ತೇನೆ, ಮೈಕ್ ಮುಟ್ಟಬೇಡಿ. ನೀವು ಏನು ಹೇಳಿದರೂ ಇವರು ಮಾಡಿಬಿಡುತ್ತಾರೆ.