ತೊಳೆಯದೆ ಉಳಿದ ಸೋಪು

ಉಪ್ಪಾರಹಳ್ಳಿ, ತುಮಕೂರು
೯ ಮಾರ್ಚ್ ೨೦೦೩

ಪ್ರೀತಿಯ ಸಿಂಚು,

ಸಲಾಂ, ಶರಣು, ಎರಡೂ ನಿನಗೇ. ಮೂರು ತಿಂಗಳಿಂದ ಕಾಗದ ಬರೆಯದ ನನ್ನನ್ನು ಬೈಯಲು ನಿನಗೆ ಪೂರ್ತಿ ಹಕ್ಕಿದೆ. ಮೊದಲು ಓದು, ಆಮೇಲೆ ಬೈ. ಈಗಲೂ ಸಂಜೆ ಕುಣಿಗಲ್ ಕೆರೆ ಏರಿಯ ಮೇಲೆ ಓಡಾಡುತ್ತೀಯಾ? ಬಲಗೈ ಹೇಗಿದೆ? ಸುಟ್ಟ ಚರ್ಮ ಇನ್ನೂ ಬಿಗಿಯುತ್ತದೆಯಾ, ಕಿರುಬೆರಳು ಮಡಚಲು ಬರುತ್ತಾ? ಎಡಗೈಯಲ್ಲಿ ಬರೆದ ನಿನ್ನ ಅಕ್ಷರವೇ ನನ್ನದಕ್ಕಿಂತ ದುಂಡಗಿದೆ, ಮಾನ ಹೋಯಿತು ಕಣೇ.

ಈಗ ಸುದ್ದಿ. ನನ್ನ ಎಂ.ಎಸ್ಸಿ. ಪ್ರಾಜೆಕ್ಟ್ ಉಳಿಯಿತು!

ಸುಟ್ಟಗಾಯದ ಮೇಲೆ ಹೊದಿಸುವ ತಂಪು ಹಾಳೆ ಮಾಡುತ್ತಿದ್ದೇನೆ ಎಂದಿದ್ದೆನಲ್ಲ, ಅದನ್ನು ಹೈಡ್ರೋಜೆಲ್ ಅಂತಾರೆ. ಅಮ್ಮಿ ರಂಜಾನಿಗೆ ಮಾಡುವ, ತಟ್ಟೆಯಲ್ಲಿ ಅಲುಗಾಡುವ ಚೈನಾ ಗ್ರಾಸ್ ಸಿಹಿ ನೆನಪಿದೆಯಾ? ಅದರ ನೆಂಟನೇ. ಸಣ್ಣ ಎಳೆಗಳ ಬಲೆ, ಒಳಗೆಲ್ಲ ನೀರು. ನನ್ನ ಹಾಳೆಗಳು ನೋಡಲು ಚೆಂದ, ಮಡಚಿದರೆ ಪಟ್ ಅಂತ ಸೀಳುತ್ತಿದ್ದವು. ಬೆರಳಿನ ಗೆಣ್ಣಿಗೆ ಸುತ್ತಲಾಗದ ಹಾಳೆ ಯಾರಿಗೆ ಬೇಕು? ಗೈಡ್ ಪ್ರಭುದೇವ ಸರ್ ಕೊನೆಗೆ ಹೇಳಿಯೇಬಿಟ್ಟರು: "ಶನಿವಾರದೊಳಗೆ ಒಂದಾದ್ರೂ ಮಡಚೋಕೆ ಬರ್ದಿದ್ರೆ ಟಾಪಿಕ್ ಬದಲಾಯ್ಸೋಣಮ್ಮ."

ಗುಬ್ಬಿಗೆ ಹೋಗಿ ಅಬ್ಬನ ಮುಂದೆ ಅತ್ತೆ. ಅಬ್ಬ ಮಿಷನ್ ತುಳಿಯುತ್ತಲೇ, "ಹೊಲಿಗೆ ಅತಿ ಬಿಗಿಯಾದ್ರೆ ಬಟ್ಟೆನೇ ಹರಿಯೋದು ಬೇಟಿ, ಸ್ವಲ್ಪ ಸಡಿಲ ಬಿಡು" ಎಂದರು. ಟೈಲರ್ ಬುಡನ್ ಸಾಬರಿಗೆ ಕೆಮಿಸ್ಟ್ರಿ ಏನು ಗೊತ್ತು ಅಂದುಕೊಂಡೆ!

ಶುಕ್ರವಾರ ಮೂರು ಟ್ರೇ ತೆಗೆದೆ. ಎರಡು ಎಂದಿನಂತೆ ಸೀಳಿದವು. ಮೂರನೆಯದಕ್ಕೆ ಬಟ್ಟೆ ಕ್ಲಿಪ್ ಸಿಕ್ಕಿಸಿ ತೂಕದ ಬಟ್ಟು ನೇತುಹಾಕಿದರೆ, ಗೇಣುದ್ದ ಇದ್ದದ್ದು ಎರಡು ಗೇಣು ಹಿಗ್ಗಿತು! ಬಟ್ಟು ತೆಗೆದರೆ ವಾಪಸ್ಸು. ಕುಣಿಯುವುದು ಬಿಟ್ಟು ನಾನು, "ಇದನ್ನ ಕಲಸಿದ ಬೀಕರ್ ಯಾರು ಮುಟ್ಟಿದ್ದು?" ಅಂತ ಕಿರುಚಿದೆ. ನನ್ನ ಬುದ್ಧಿ ನೋಡು.

ಗಾಜಿನ ಸಾಮಾನು ತೊಳೆಯುವ ನರಸಿಂಹಮ್ಮ ಸೆರಗು ಹಿಂಡುತ್ತ ಬಂದರು. "ನಾನೇ ಕಣವ್ವ. ಸೋಪು ಹಚ್ಚಿದ್ದೆ, ನಲ್ಲೀಲಿ ನೀರು ನಿಂತೋಯ್ತು. ಹಂಗೇ ಇಕ್ಬುಟ್ಟೆ. ತಪ್ಪಾಯ್ತು, ಬೈಯ್ಯಂಗಿದ್ರೆ ಬೈಯಿ."

ಸರ್ ನಗಲು ಶುರು ಮಾಡಿದರು. "ಬೈಯೋದು ಆಮೇಲೆ. ಎಷ್ಟು ಸೋಪು ಉಳಿದಿತ್ತು ಅಂತ ಮೊದ್ಲು ಅಳೀರಿ!"

ಸೋಪಿನಂಥ ವಸ್ತುವಿಗೆ ನಮ್ಮಲ್ಲಿ ಸರ್ಫ್ಯಾಕ್ಟಂಟ್ ಎಂದು ದೊಡ್ಡ ಹೆಸರು. ಅದರ ಕಣಗಳು ನೀರಿನಲ್ಲಿ ಗುಂಪುಗೂಡಿ ಎಳೆಗಳನ್ನು ಅಲ್ಲಲ್ಲಿ ಹಿಡಿದುಕೊಳ್ಳುತ್ತವೆ. ಎಳೆದರೆ ಹರಿಯುವ ಬದಲು ಕೈ ಬಿಡುತ್ತವೆ, ಪಕ್ಕದಲ್ಲಿ ಮತ್ತೆ ಹಿಡಿಯುತ್ತವೆ. ಹಾಗಿರಬೇಕು ಅಂತ ಸರ್ ಊಹೆ. ಮೂರು ವಾರ ಅಳೆದೆವು. ಚೂರು ಹಾಕಿದರೆ ಹಿಗ್ಗುತ್ತದೆ, ಹೆಚ್ಚಾದರೆ ಅಂಬಲಿಯ ಹಾಗೆ ಜೋಲುತ್ತದೆ. ಅಬ್ಬ ಹೇಳಿದ್ದೇ ನಿಜವಾಯಿತು. ನರಸಿಂಹಮ್ಮ ಈಗ ಕಾರಿಡಾರಿನಲ್ಲಿ ಸಿಕ್ಕವರಿಗೆಲ್ಲ "ನಮ್ ಪ್ರಾಜೆಕ್ಟು" ಅಂತಲೇ ಹೇಳುವುದು. ಅವರಿಗೆ ಒಬ್ಬಟ್ಟು ಕೊಡಿಸಿದೆ, ನಾನೂ ನಾಲ್ಕು ತಿಂದೆ.

ಸುಳ್ಳು ಆಸೆ ಹುಟ್ಟಿಸುವುದಿಲ್ಲ ಸಿಂಚು. ಸೋಪು ಗಾಯಕ್ಕೆ ಉರಿ. ಉರಿಯದಂಥದ್ದನ್ನು ಹುಡುಕಬೇಕು, ಪರೀಕ್ಷೆಗಳೇ ವರ್ಷಗಟ್ಟಲೆ. ನಿನ್ನ ಕೈಗೆ ಇದರಿಂದ ಏನೂ ಆಗದಿರಬಹುದು. ಆದರೂ ಆ ಹಾಳೆಯನ್ನು ನನ್ನ ಕಿರುಬೆರಳಿಗೆ ಸುತ್ತಿ ನೂರು ಸಲ ಮಡಚಿದೆ. ಸೀಳಲಿಲ್ಲ ಕಣೇ! ಖುಷಿಗೆ ಅಳು ಬಂತು.

ನಿಮ್ಮಮ್ಮ ಶಿವರುದ್ರಮ್ಮನವರಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಬೆರಳು ಹಗುರಾಗಲಿ, ನಗು ಹಾಗೇ ಇರಲಿ.

ನಿನ್ನ,
ಫಾಯಿಜಾ

ವಿ.ಸೂ.: ತಪ್ಪು ಒಪ್ಪಿಕೊಳ್ಳಲು ನರಸಿಂಹಮ್ಮನಿಗೆ ಐದು ನಿಮಿಷ ಸಾಕಾಯಿತು. ನನಗೆ ಎರಡು ವರ್ಷ ಬೇಕಾಯಿತು. ಅವತ್ತು ನಮ್ಮ ರೂಮಿನಲ್ಲಿ ಸೀಮೆಎಣ್ಣೆ ಸ್ಟೋವಿಗೆ ಮಿತಿಮೀರಿ ಪಂಪ್ ಹೊಡೆದವಳು ನಾನು. ನನ್ನ ದುಪಟ್ಟಾಗೆ ಹತ್ತಿದ ಬೆಂಕಿಯನ್ನು ನೀನು ಬರಿಗೈಯಲ್ಲಿ ಎಳೆದು ಹಾಕಿದೆ. ಆಸ್ಪತ್ರೆಯಲ್ಲಿ ನಿಮ್ಮಮ್ಮ, "ಎಲ್ಲಾ ನಿನ್ ಅವಸರದಿಂದ್ಲೇ ಕಣೇ" ಅಂತ ನಿನ್ನನ್ನೇ ಬೈದರು. ನೀನು ನನ್ನ ಮುಖ ನೋಡಿ ಸುಮ್ಮನಾದೆ. ನಾನೂ ಸುಮ್ಮನಿದ್ದುಬಿಟ್ಟೆ. ಬರುವ ಭಾನುವಾರ ಬೆಳಗಿನ ಬಸ್ಸಿಗೆ ಕುಣಿಗಲ್‌ಗೆ ಬರುತ್ತೇನೆ, ನಿಮ್ಮಮ್ಮನಿಗೆ ನಾನೇ ಹೇಳುತ್ತೇನೆ. ಅವರು ಬೈಯುವಾಗ, ಈ ಸಲವಾದರೂ ನೀನು ಅಡ್ಡ ಬರಬೇಡ.