ಹುಲಿಹೈದರಕ್ಕೆ ಕಳಿಸಿದ ಧ್ವನಿ

ಗಂಗಾವತಿ, 8 ಜನವರಿ 1984, ರವಿವಾರ

ಇವತ್ತು ಚರ್ಚಿನಲ್ಲಿ ನಾನು ಮಾಡಿದ ಪ್ರಸಂಗ ನಲವತ್ತೆರಡು ನಿಮಿಷ. ಪೂರ್ತಿ ರೆಕಾರ್ಡ್ ಆಗಿದೆ. ನಡುವೆ ಯಾರದೋ ಕೂಸು ಅತ್ತದ್ದು ಬಿಟ್ಟರೆ ಚೆನ್ನಾಗಿ ಬಂದಿದೆ. ಮಧ್ಯಾಹ್ನ ಊಟಕ್ಕೆ ಕುಳಿತಾಗ ಟೇಪ್ ಹಚ್ಚಿದೆ. ಒಂದು ಕಡೆ ಧ್ವನಿ ಇಳಿಸಿ ಮೆಲ್ಲಗೆ ಏರಿಸಿದ್ದೇನಲ್ಲ, ಅಲ್ಲಿ ನನಗೇ ಮೈ ಜುಮ್ಮೆಂದಿತು. ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದೆ.

ಎಸ್ತೇರ ನನ್ನ ಹೆಂಡತಿಯಾದರೂ ಒಂದು ಪ್ರಸಂಗವನ್ನೂ ಪೂರ್ತಿ ಹೊಗಳಿದವಳಲ್ಲ. ಅನ್ನ ಬಡಿಸುತ್ತ ಅಂದಳು: "ಉಣ್ಣೂಮುಂದ ಪ್ರಾರ್ಥನಿ ಬಿಟ್ಟು ಮೂರು ತಿಂಗಳಾತು ನೋಡ್ರಿ. ಅದರ ಬದಲಿ ನಿಮ್ಮ ಟೇಪ ಕೇಳ್ಕೋಂತ ಉಣ್ಣಾಕತ್ತೀವಿ."

ಟೇಪಿನಲ್ಲಿರುವುದೂ ದೇವರ ಮಾತೇ ಎಂದೆ. ಈ ಟೇಪ್ ರೆಕಾರ್ಡರ್ ಅವಳಣ್ಣನೇ ಕುವೈತಿನಿಂದ ತಂದುಕೊಟ್ಟ ಯಂತ್ರ. ಈಗ ಅವಳಿಗೇ ಹೊಟ್ಟೆಕಿಚ್ಚು!

ಸಭೆಯ ಪಾಲಕರು, ಅಂದರೆ ಪಾದ್ರಿಗಳು, ತಿಂಗಳಿಗೊಮ್ಮೆ ಬರುತ್ತಾರೆ, ಉಳಿದ ರವಿವಾರ ಪ್ರಸಂಗ ನನ್ನದೇ. ಈಚೆಗೆ ಅವರು ಬಂದ ದಿನ ಜನ ಕಡಿಮೆ. ಹೀಗೆ ಬರೆಯಬಾರದು. ಆದರೆ ನಿಜ.

19 ಜನವರಿ, ಗುರುವಾರ

ಧ್ವನಿ ಒಡೆದಿದೆ. ವಾರ ಕಳೆಯಿತು. ಉಪ್ಪುನೀರು, ಜೇಷ್ಠಮಧು, ಮೆಣಸಿನ ಕಷಾಯ... ಏನೂ ನಾಟುತ್ತಿಲ್ಲ. ಶಾಲೆಯಲ್ಲಿ ಮಗ್ಗಿ ಹೇಳಿಸುವಾಗ ಐದನೇ ತರಗತಿಯವರು ಕಿಸಕ್ಕನೆ ನಕ್ಕರು. ಹೊಡೆದೆ. ಹೊಡೆಯಬಾರದಿತ್ತು.

ಹೋದ ರವಿವಾರ ಸಭೆಗೆ ಹೋಗಲಿಲ್ಲ. ಹಳೆಯ ಪ್ರಸಂಗದ ಕ್ಯಾಸೆಟ್ ಕಳಿಸಿದೆ. ಸದ್ದಿಲ್ಲದೆ ಕೇಳಿದರಂತೆ. ಖುಷಿಯಾಯಿತು.

2 ಫೆಬ್ರವರಿ, ಗುರುವಾರ, ಸಂಜೆ 5

ಡಾಕ್ಟರು ಸಣ್ಣ ಕನ್ನಡಿ ಇಳಿಸಿ ನೋಡಿದರು. ಗಂಟಲೊಳಗೆ ಗಂಟು.

"ಹುಬ್ಬಳ್ಳಿಗೆ ಹೋಗ್ರಿ ಮಾಸ್ತರ. ಕೊಯ್ದು ತೆಗೀಬೇಕಾಗ್ತೈತಿ."

"ಎಂಥಾ ಗಂಟ್ರಿ?"

"ತೆಗೆದ ಮ್ಯಾಲ ಗೊತ್ತಾಗ್ತೈತಿ."

ಧ್ವನಿ ಉಳಿಯುತ್ತದೆಯೇ ಎಂದು ಕೇಳಿದೆ. ಹೇಳಲಾಗದು ಎಂದರು. ಜೀವ ಉಳಿಯುತ್ತದೆಯೇ ಎಂದು ಕೇಳಬೇಕಿತ್ತೆಂಬುದು ಬಸ್‌ಸ್ಟ್ಯಾಂಡಿನವರೆಗೆ ಬಂದ ಮೇಲೆ ಹೊಳೆಯಿತು.

ಅಕ್ಷರ ಸೊಟ್ಟಗಾಗುತ್ತಿವೆ. ಧ್ವನಿ ಹೋದರೆ ಈ ಆದೆಪ್ಪ ಮಾಸ್ತರ ಅಂತ ಉಳಿಯುವವನು ಯಾರು? ಪ್ರಾರ್ಥನೆಗೆ ಮೊಣಕಾಲೂರಿದೆ. ಮಾತು ಬರಲಿಲ್ಲ — ಗಂಟಲಿನ ದೆಸೆಯಿಂದಲ್ಲ. ಯಾರ ಹತ್ತಿರ ಮಾತಾಡುತ್ತಿದ್ದೇನೆ ಎಂಬುದೇ ತಿಳಿಯಲಿಲ್ಲ. ಎದ್ದು ಕ್ಯಾಸೆಟ್ ಹಚ್ಚಿದೆ. ಸಮಾಧಾನವಾಯಿತು. ಹಾಗೆ ಸಮಾಧಾನವಾದದ್ದಕ್ಕೆ ಇನ್ನೂ ಹೆದರಿಕೆ.

5 ಫೆಬ್ರವರಿ, ರವಿವಾರ

ಹುಲಿಹೈದರದಿಂದ ಹೊನ್ನೂರಪ್ಪ ಬಂದಿದ್ದ. ಹೊಳಿಯಮ್ಮನ ಮಗ. "ಅವ್ವಂದು ಭಾಳ ಆಗೈತ್ರಿ. ಮಾಸ್ತರನ ಕರಕೊಂಡ ಬಾ ಅಂತ ಒಂದ ಹಠ ಹಿಡದಾಳ."

ಹನ್ನೆರಡು ವರ್ಷದ ಹಿಂದೆ ಆ ಊರಿಗೆ ಮೊದಲ ಸಲ ಹೋದಾಗ ಕುಡಿಯಲು ನೀರು ಕೊಟ್ಟವಳು ಅವಳು. ಆಮೇಲೆ ಸಭೆಗೆ ಸೇರಿದಳು. ಸಾಯುವವರ ಹತ್ತಿರ ಸಭೆಯವರೊಬ್ಬರು ಕುಳಿತು, ಕೈ ಹಿಡಿದು ಪ್ರಾರ್ಥನೆ ಮಾಡುವುದು ನಮ್ಮಲ್ಲಿ ನಡೆದು ಬಂದದ್ದು. ನಾನೇ ಎಷ್ಟೋ ಮನೆಗಳಲ್ಲಿ ಕುಳಿತಿದ್ದೇನೆ.

ಆದರೆ ಈ ಒಡಕು ಧ್ವನಿಯಲ್ಲಿ? ಅಷ್ಟು ಜನರ ಮುಂದೆ? ಯಂತ್ರಕ್ಕೆ ಹೊಸ ಬ್ಯಾಟರಿ, ನನ್ನ ಪ್ರಸಂಗದ ಕ್ಯಾಸೆಟ್ ಹಾಕಿ, ದಿನಾ ಅದಕ್ಕೆ ಹೊದಿಸುವ ಕಸೂತಿ ಬಟ್ಟೆಯಲ್ಲೇ ಸುತ್ತಿ ಕೊಟ್ಟೆ. ಯಾವ ಗುಂಡಿ ಒತ್ತಬೇಕೆಂದು ತೋರಿಸಿದೆ.

"ನೀವ ಬರೂದಿಲ್ಲೇನ್ರಿ?"

"ಇದರಾಗ ನಾನ ಅದೀನಲ್ಲ" ಎಂದೆ.

9 ಫೆಬ್ರವರಿ, ಗುರುವಾರ

ಹೊಳಿಯಮ್ಮ ತೀರಿಕೊಂಡಳು. ಸೋಮವಾರವೇ. ಹೊನ್ನೂರಪ್ಪ ಇವತ್ತು ಯಂತ್ರ ವಾಪಸು ತಂದ. ಹೊಸ್ತಿಲ ಹತ್ತಿರವೇ ಕುಳಿತು ಹೇಳಿದ.

"ಹಚ್ಚಿದ ಕೂಡಲೇ ಅವ್ವ ಕಣ್ಣ ತೆಗದ್ಲ್ರಿ. ನೀವ ಬಂದೀರಿ ಅಂತ ತಿಳದ್ಲು. 'ಮಾಸ್ತರ, ಕೈ ಹಿಡೀರಿ, ಅಂಜಿಕಿ ಆಗಾಕತ್ತೈತಿ' ಅಂದ್ಲು. ಎರಡ ಸಲ ಅಂದ್ಲು. ನೀವು ಮಾತಾಡಕೋಂತನ ಇದ್ರಿ."

"ನೀ ಹಿಡೀಬೇಕಿತ್ತಲ್ಲೋ?"

"ಹಿಡದ್ನಿರಿ. 'ಇದು ನಿನ್ನ ಕೈ, ಮಾಸ್ತರ ಎಲ್ಲೆ' ಅಂದ್ಲು. ಜೀವ ಹೋದ ಮ್ಯಾಲೂ ನೀವು ನಿಲ್ಲಲಿಲ್ರಿ. ಬಂದ್ ಮಾಡಾಕ ನನಗ ಧೈರ್ಯ ಸಾಲಲಿಲ್ಲ. ನಮ್ಮ ಚಿಗವ್ವ ಮುದುಕವ್ವ ಅದಕ್ಕ ಕುಂಕುಮ ಇಟ್ಟು, ಊದಿನಕಡ್ಡಿ ಬೆಳಗಿದ್ಲು. ಇದು ಮಾಸ್ತರ ಕಳಿಸಿದ ದೇವ್ರು ಅಂತ."

ಅವನು ಹೋದ ಮೇಲೆ ಬಟ್ಟೆ ಬಿಚ್ಚಿದೆ. ಸ್ಪೀಕರಿನ ಜಾಲರಿ ತುಂಬ ಬೂದಿ. ಗುಂಡಿಯ ಮೇಲೆ ಕುಂಕುಮ. ಮೊದಲು ಸಿಟ್ಟು ಬಂತು. ಒರೆಸಲು ಹೋದವನ ಕೈ ನಿಂತಿತು. ಮುದುಕವ್ವ ಪಾಪ ಏನು ಮಾಡಿದಳು? ಈ ಪೆಟ್ಟಿಗೆಯ ಪೂಜೆ ಅವಳಿಗಿಂತ ಮೊದಲು ಶುರು ಮಾಡಿದವನು ನಾನು. ಕಸೂತಿ ಬಟ್ಟೆ ಹೊದಿಸಿ, ಮೂರು ಹೊತ್ತು.

ಹೆದರಿಕೆಯಾಗುತ್ತಿದೆ. ಗಂಟಿನ ಹೆದರಿಕೆಯಲ್ಲ ಇದು.

11 ಫೆಬ್ರವರಿ, ಶನಿವಾರ, ಮಧ್ಯಾಹ್ನ

ನಾಳೆ ಕರ್ತನ ಭೋಜನ, ಯೇಸುವಿನ ನೆನಪಿಗೆ ಸಭೆಯವರೆಲ್ಲ ರೊಟ್ಟಿ ಹಂಚಿಕೊಳ್ಳುವ ದಿನ. ಪಾಲಕರು ಬಂದಿದ್ದಾರೆ. ಹಿಂದಿನ ಸಂಜೆ ಎಲ್ಲರೂ ಕೂಡುವುದು ರೂಢಿ. ತಪ್ಪು ಮಾಡಿದವರು ಎದ್ದು ಹೇಳಬೇಕು. ಹೇಳದೆ ರೊಟ್ಟಿ ಮುಟ್ಟುವಂತಿಲ್ಲ. ಎಷ್ಟು ಜನರನ್ನು ನಾನೇ ಎಬ್ಬಿಸಿ ನಿಲ್ಲಿಸಿದ್ದೇನೆ!

ಹೇಳಿದರೆ ಇನ್ನು ನನ್ನ ಪ್ರಸಂಗ ಯಾರು ಕೇಳುತ್ತಾರೆ? — ಇದನ್ನು ಬರೆದು ಮತ್ತೆ ಓದಿದೆ. ಛೀ. ಈಗಲೂ ಅದೇ ಚಿಂತೆ.

ಅದೇ ದಿನ, ಸಂಜೆ

ಎದ್ದು ನಿಂತೆ. ಧ್ವನಿ ಕೀರಲಾಗಿ ಹೊರಟಿತು, ನಡುನಡುವೆ ಬರೀ ಗಾಳಿ. ಹಿಂದಿನವರಿಗೆ ಕೇಳಿಸಲಿಲ್ಲವೆಂದು ಎರಡನೇ ಸಲ ಹೇಳಬೇಕಾಯಿತು. ಹೊಳಿಯಮ್ಮನ ವಿಷಯ, ಕುಂಕುಮದ ವಿಷಯ, ಪ್ರಾರ್ಥನೆ ಬಿಟ್ಟದ್ದು, ಎಲ್ಲ. ಪಾಲಕರು "ಕುಂದರ್ರಿ ಆದೆಪ್ಪ" ಎಂದರು ಅಷ್ಟೇ. ಎಸ್ತೇರ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಹೊನ್ನೂರಪ್ಪನೂ ಬಂದಿದ್ದ. ಹೊರಗೆ ಚಪ್ಪಲಿ ಮೆಟ್ಟುವಾಗ ಅಂದ: "ನೀವು ಬಂದು ಸುಮ್ಮನ ಕುಂತಿದ್ರೂ ಸಾಕಿತ್ರಿ ಮಾಸ್ತರ. ಅವ್ವ ನಿಮ್ಮ ಧ್ವನಿ ಬೇಡಿದ್ದಿಲ್ಲ."



ಹುಬ್ಬಳ್ಳಿ, 21 ಫೆಬ್ರವರಿ, ಮಂಗಳವಾರ, ಬೆಳಿಗ್ಗೆ 8

ಒಂಬತ್ತಕ್ಕೆ ಒಳಗೆ ಒಯ್ಯುತ್ತಾರಂತೆ. ಮಾತಾಡಬಾರದು ಎಂದಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಹೆದರಿಕೆ ಹೋಗಿಲ್ಲ. ತಪ್ಪು ಒಪ್ಪಿಕೊಂಡರೆ ಹೋಗುತ್ತದೆ ಎಂದು ಎಷ್ಟು ಗಟ್ಟಿಯಾಗಿ ಪ್ರಸಂಗ ಮಾಡುತ್ತಿದ್ದೆ!

ತಂದೆಯೇ, ನಿನ್ನ ಇಷ್ಟದಂತಾಗಲಿ ಎಂದು ಬರೆಯಬೇಕು. ಕೈ ಬರುತ್ತಿಲ್ಲ. ಧ್ವನಿ ಬೇಕು ನನಗೆ. ನಿನ್ನ ಹತ್ತಿರ ಏನು ಸುಳ್ಳು? ಕೊಡದಿದ್ದರೆ ಸಿಟ್ಟಿಗೆದ್ದು ಮತ್ತೆ ನಿನ್ನನ್ನು ಬಿಟ್ಟುಬಿಡುತ್ತೇನೋ... ಈಗ ಕೊಯ್ಯುವುದಕ್ಕಿಂತ ಅದಕ್ಕೇ ಹೆಚ್ಚು ಹೆದರುತ್ತೇನೆ. ಎಷ್ಟು ತಿಂಗಳಾದ ಮೇಲೆ ನಿನ್ನೊಂದಿಗೆ ಮಾತಾಡುತ್ತಿದ್ದೇನೆ, ನೋಡು. ಕೇಳುವವರು ಬೇರೆ ಯಾರೂ ಇಲ್ಲ.

ನರ್ಸ್ ಬಂದಳು. ಒಂದು ನಿಮಿಷ ಎಂದು ಕೈಸನ್ನೆ ಮಾಡಿದೆ.

ತಂದೆಯೇ, ಧ್ವನಿ ಬರಲಿ, ಬಾರದಿರಲಿ, ನೀನು ಮಾತ್ರ ನನ್ನ ಕೈ —